ಅಳುವ ಮಗಳ ಪಕ್ಕ ಸುಮ್ಮನೆ ಕೂಡ್ರು

ನವನಗರ, ಬಾಗಲಕೋಟೆ

ಚಿ. ಸೌ. ಗಂಗಾಗೆ ದೊಡ್ಡವ್ವನ ಆಶೀರ್ವಾದಗಳು.

ಬಾಗಲಕೋಟೆ ಬಿಟ್ಟು ಬೆಳಗಾವಿಗೆ ಮನೆ ಬದಲಿಸಿದಾಗಿನಿಂದ ಮಗಳು ಪಲ್ಲವಿ ಮಾತುಮಾತಿಗೆ ಸಿಡುಕುತ್ತಾಳೆ, ನಗಿಸಲು ಏನು ಮಾಡಿದರೂ ನಗುವುದಿಲ್ಲ ಎಂದು ಬರೆದಿದ್ದೀ. ನಗಿಸುವುದನ್ನು ಸ್ವಲ್ಪ ದಿನ ಬಿಡು, ತಂಗಿ. ರವಿವಾರ ಅವಳ ಜೊತೆ ಕೂತು 2015ರ ‘ಇನ್‌ಸೈಡ್ ಔಟ್’ ನೋಡು. ಒಂದೂವರೆ ತಾಸಿನ ಕಾರ್ಟೂನ್ ಸಿನಿಮಾ. ಮಿನೆಸೋಟಾ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ 11 ವರ್ಷದ ರೈಲಿ ಎಂಬ ಹುಡುಗಿಯ ಕಥೆ.

ಅದರಲ್ಲಿ ಅವಳ ತಾಯಿ, ಅಪ್ಪನಿಗೆ ಈಗ ಕಷ್ಟದ ಕಾಲ, ನೀನು ನಗುನಗುತ್ತಾ ಇದ್ದರೆ ಅವನಿಗೆ ಆಸರೆ ಎನ್ನುತ್ತಾಳೆ. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಅಂದಿನಿಂದ ಮಗುವಿಗೆ ದುಃಖ ತೋರಿಸಲು ಜಾಗವಿಲ್ಲ. ಈ ಸಿನಿಮಾದಲ್ಲಿ ಭಾವಗಳೇ ಪಾತ್ರಗಳು, ರೈಲಿಯ ತಲೆಯೊಳಗಿನ ಒಂದು ಕಚೇರಿಯಲ್ಲಿ ಕೂತು ಅವಳನ್ನು ನಡೆಸುತ್ತವೆ. ಮುಂದೆ ಆ ಕಚೇರಿಯಿಂದ ಸಂತೋಷ, ದುಃಖ ಎರಡೂ ಕಾಣೆಯಾಗುತ್ತವೆ. ಉಳಿದದ್ದು ಸಿಟ್ಟು, ಅಂಜಿಕೆ, ಅಸಹ್ಯ. ಊಟಕ್ಕೆ ಕೂತಾಗ ಆ ಹುಡುಗಿ ಅಪ್ಪನ ಮೇಲೆ ಹರಿಹಾಯುವುದು ಅದಕ್ಕೇ. ಪಲ್ಲವಿಯ ಸಿಡುಕಿನ ಕೆಳಗೂ ದುಃಖವೇ ಇರಬಹುದು, ನೋಡು.

ಬಿಂಗ್ ಬಾಂಗ್ ಎಂಬ ಕಲ್ಪನೆಯ ಗೆಳೆಯನ ಗಾಡಿ ಕಳೆದುಹೋಗುವ ದೃಶ್ಯವನ್ನು ಎರಡು ಸಲ ನೋಡು. ಸಂತೋಷ ಕಚಗುಳಿ ಇಡುತ್ತದೆ, ಮುಖ ಸೊಟ್ಟ ಮಾಡಿ ತೋರಿಸುತ್ತದೆ; ಅವನು ಏಳುವುದಿಲ್ಲ. ದುಃಖ ಪಕ್ಕದಲ್ಲಿ ಕೂತು, ಕಳೆದುಕೊಂಡದ್ದರ ಬಗ್ಗೆ ಅವನು ಹೇಳುವುದನ್ನು ಕೇಳುತ್ತದೆ. ಅವನು ಅತ್ತು, ತಾನಾಗಿಯೇ ಎದ್ದು ನಡೆಯುತ್ತಾನೆ. ನೀನು ಮಾಡಬೇಕಾದದ್ದೂ ಇಷ್ಟೇ. ‘ಅಳಬ್ಯಾಡ, ಇಲ್ಲೂ ಹೊಸ ಗೆಳತ್ಯಾರು ಸಿಗತಾರ’ ಅನ್ನಬೇಡ. ‘ಹಳೇ ಸಾಲಿ ಭಾಳ ನೆನಪಾಗತೈತಿ, ಹೌದಲ್ಲ?’ ಅಂದು ಸುಮ್ಮನಾಗು. ಆ ಮೌನ ಉದ್ದವಾಯಿತೆಂದು ನೀನೇ ಮಾತು ತುಂಬಬೇಡ. ಎಲ್ಲರೂ ಎಡವುವುದು ಇಲ್ಲೇ.

ಸಿನಿಮಾದಲ್ಲಿ ನೆನಪುಗಳು ಬಣ್ಣದ ಗುಂಡುಗಳು. ನಿಜವಾದ ನೆನಪು ಹಗೇವಿನಲ್ಲಿಟ್ಟ ಜೋಳದಂತೆ ಇಟ್ಟ ಹಾಗೇ ಹೊರಬರುವುದಿಲ್ಲ. ನೆನೆದಾಗಲೆಲ್ಲ ಮಿದುಳು ಅದನ್ನು ಮತ್ತೆ ಕಟ್ಟುತ್ತದೆ, ಆ ಹೊತ್ತಿನ ಭಾವ ಅದಕ್ಕೆ ಅಂಟುತ್ತದೆ. ಸಂತೋಷದ ಹಳದಿ ಗುಂಡನ್ನು ದುಃಖ ಮುಟ್ಟಿದಾಗ ಅದು ನೀಲಿಯಾಗುವುದನ್ನು ತೋರಿಸಿದ್ದು ಇದಕ್ಕೆ ಬಹಳ ಹತ್ತಿರ. ಹಾಗಾಗಿ ಬಾಗಲಕೋಟೆಯ ಮಾತನ್ನು ಮನೆಯಲ್ಲಿ ಮುಚ್ಚಿಡಬೇಡ. ಊಟವಾದ ಮೇಲೆ ಹತ್ತು ನಿಮಿಷ ಸಾಕು. ‘ಛಲೋ ಇತ್ತಲ್ಲ?’ ಎಂದರೆ ‘ಹೂಂ’ ಅಂದು ಎದ್ದುಹೋಗುತ್ತಾಳೆ. ‘ಬನಶಂಕರಿ ಜಾತ್ರ್ಯಾಗ ಯಾರ‍್ಯಾರು ಇದ್ರು? ಆಮೇಲೆ ಏನಾತು?’ ಎಂದು ಕೇಳು. ಅವಳು ಹೇಳಿದ್ದು ನಿನಗೆ ನೆನಪಿದ್ದಂತೆ ಇರದಿದ್ದರೂ ತಿದ್ದಬೇಡ, ಅದು ಅವಳ ನೆನಪು. ಹೀಗೆ ಬಿಡಿಸಿ ಬಿಡಿಸಿ ಕೇಳುವ ಮನೆಯ ಮಕ್ಕಳು ನಡೆದದ್ದನ್ನು ವಿವರವಾಗಿ ನೆನೆದು ಹೇಳಲು ಕಲಿಯುತ್ತಾರೆ.

ನಿದ್ದೆ ಕೆಡಿಸಬೇಡ. ದಿನದ ಅನುಭವ ಗಟ್ಟಿ ನೆನಪಾಗುವುದರಲ್ಲಿ ನಿದ್ದೆಯ ಪಾಲು ದೊಡ್ಡದು. ಅವಳ ವಯಸ್ಸಿಗೆ ದಿನಕ್ಕೆ 9ರಿಂದ 12 ತಾಸು ಬೇಕು. ಎರಡು ವಾರ ಕಳೆದರೂ ಊಟ, ನಿದ್ದೆ, ಆಟ ಮೂರೂ ಕೆಟ್ಟೇ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸು, ತಡಮಾಡಬೇಡ.

ಇದರ ಎರಡನೆಯ ಭಾಗ 2024ರಲ್ಲಿ ಬಂದಿದೆ. ಅದರಲ್ಲಿ ರೈಲಿಗೆ 13. ಆತಂಕ, ಹೊಟ್ಟೆಕಿಚ್ಚು, ಮುಜುಗರ, ಬೇಸರ ಎಂಬ ಹೊಸ ಭಾವಗಳು ಸೇರುತ್ತವೆ. ಒಂಬತ್ತರ ಪಲ್ಲವಿಗೆ ಈಗಲೇ ಬೇಡ, ಎರಡು-ಮೂರು ವರ್ಷ ತಡೆ. ಆದರೆ ನೀನು ಮಾತ್ರ ಈಗಲೇ ನೋಡಿಟ್ಟುಕೋ.

ನಿನ್ನ ದೊಡ್ಡವ್ವ