ವೆಲ್ಲೆಸ್ಲಿ ಸೇತುವೆ ಮತ್ತು ನಮ್ಮ ಮಕ್ಕಳ ಶನಿವಾರ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಎಂಟು, ಒಂಬತ್ತನೇ ತರಗತಿಯ ಮಕ್ಕಳು ಶನಿವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ಬೀದಿಗಳಲ್ಲಿ ಮನೆಮನೆಗೆ ಹೋಗಿ ಕಾವೇರಿಯ ಮೇಲಿನ ಹಳೆಯ ಕಲ್ಲಿನ ವೆಲ್ಲೆಸ್ಲಿ ಸೇತುವೆಯನ್ನು ಉಳಿಸಿಕೊಳ್ಳುವ ಬಗ್ಗೆ ಮಾತಾಡುತ್ತಾರೆ ಎಂದು ತಿಳಿಸಿದ್ದೆವು. ನಿಮ್ಮಲ್ಲಿ ಕೆಲವರಿಗೆ ಇದು ಹಿಡಿಸಿಲ್ಲ. ಸೇತುವೆ ರಿಪೇರಿ ಸರ್ಕಾರದ ಕೆಲಸ, ಮಕ್ಕಳನ್ನು ಸುಮ್ನೆ ಯಾಕೆ ಬಿಸಿಲಿಗೆ ಕಳಿಸ್ತೀರಿ ಎಂದು ಶಾಲೆಗೇ ಬಂದು ಕೇಳಿದಿರಿ. ಹೊಳೆಯ ಭಯವೂ ಇದೆ. ಹೆತ್ತವರಿಗೆ ಇರಬೇಕಾದದ್ದೇ.

ಯಾವ ಮಗುವೂ ಹೊಳೆಗೆ ಇಳಿಯುವುದಿಲ್ಲ. ಸೇತುವೆಯ ಮೇಲೂ ಹೋಗುವುದಿಲ್ಲ. ಕಲ್ಲು ಮುಟ್ಟುವುದು, ಗಿಡ ಕೀಳುವುದು ಆ ಕೆಲಸ ಬಲ್ಲವರಿಗೆ ಬಿಟ್ಟದ್ದು. ಯಾರ ಹತ್ತಿರವೂ ದುಡ್ಡು ಕೇಳುವುದಿಲ್ಲ. ಪ್ರತಿ ಗುಂಪಿನ ಜೊತೆ ಶಿಕ್ಷಕರು ಇರುತ್ತಾರೆ. ಮತ್ತೊಮ್ಮೆ ಹೇಳುತ್ತೇನೆ, ಹೊಳೆಯ ಹತ್ತಿರ ಮಕ್ಕಳನ್ನು ಬಿಡುವುದಿಲ್ಲ.

ರಿಪೇರಿ ಇಲಾಖೆಯದೇ, ಒಪ್ಪುತ್ತೇನೆ. ಆದರೆ ಕಾಯುವವರು ಯಾರು? ಕಲ್ಲಿನ ಸಂದಿಯಲ್ಲಿ ಒಂದು ಅರಳಿ ಸಸಿ ಬೇರೂರಿದರೆ ಸಾಕು, ವರ್ಷ ಕಳೆದಂತೆ ಕಲ್ಲೇ ಸರಿಯುತ್ತದೆ. ಕಸ ಸುರಿಯಬೇಡಿ, ಹೆಸರು ಕೆತ್ತಬೇಡಿ, ಸಸಿ ಕಂಡರೆ ತಿಳಿಸಿ ಎಂದು ಊರಿನವರಿಗೆ ಹೇಳಬೇಕು. ಮಕ್ಕಳು ಹೇಳಿದರೆ ಜನ ನಿಂತು ಕೇಳುತ್ತಾರೆ, ಅಲ್ವಾ?

ಬ್ರಿಟಿಷರ ಹೆಸರಿನ ಸೇತುವೆ ನಮಗೇಕೆ ಎಂದೂ ಒಬ್ಬರು ಕೇಳಿದರು. ಹೆಸರು ಆಗಿನ ಗವರ್ನರ್ ಜನರಲ್‌ದು ನಿಜ. ಕಟ್ಟಿಸಿದ್ದು ದಿವಾನ್ ಪೂರ್ಣಯ್ಯ. ಕೆಲಸ ಮುಗಿದದ್ದು 1804ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ್ ಆಗ ನಮ್ಮ ಐದನೇ ತರಗತಿ ಮಕ್ಕಳ ವಯಸ್ಸಿನವರು. ಕೆಆರ್‌ಎಸ್ ಕಟ್ಟಲು ಶುರುವಾದದ್ದು 1911ರಲ್ಲಿ. ಅಂದರೆ ಅಣೆಕಟ್ಟೆಗಿಂತ ನೂರು ವರ್ಷಕ್ಕೂ ಹೆಚ್ಚು ಹಳೆಯದು. ಕಂಬ ಕಲ್ಲು, ಅದರ ಮೇಲೆ ತೊಲೆ ಹೊರುವ ಬೋದಿಗೆ ಕಲ್ಲು, ತೊಲೆಯೂ ಕಲ್ಲು. ಕಬ್ಬಿಣದ ಆಸರೆ ಇಲ್ಲದೆ ಕಾವೇರಿಯ ಎಷ್ಟೋ ಪ್ರವಾಹ ತಡೆದಿದೆ. ಪಠ್ಯಪುಸ್ತಕದಲ್ಲಿ ಇಂಥದ್ದನ್ನು ಎಷ್ಟು ಓದಿಸಿದರೂ, ತಮ್ಮ ಬಾಯಲ್ಲೇ ಇನ್ನೊಬ್ಬರಿಗೆ ವಿವರಿಸುವಾಗ ಮಕ್ಕಳು ಜಾಸ್ತಿ ಕಲಿಯುತ್ತಾರೆ. ಇದರಲ್ಲಿ ನನಗೆ ಅನುಮಾನವಿಲ್ಲ, ಹಾಗಾಗಿ ಕಾರ್ಯಕ್ರಮ ನಿಲ್ಲಿಸುವುದಿಲ್ಲ.

ಬಲವಂತವಂತೂ ಇಲ್ಲ. ಮಗುವನ್ನು ಕಳಿಸಲು ಮನಸ್ಸಿಲ್ಲದಿದ್ದರೆ ಅದಕ್ಕಾಗಿ ಯಾರೂ ಒಂದು ಮಾತೂ ಆಡುವುದಿಲ್ಲ. ಆ ಮಕ್ಕಳು ಶಾಲೆಯಲ್ಲೇ ಕರಪತ್ರ ಬರೆಯುತ್ತಾರೆ. ಪರೀಕ್ಷೆ ಹತ್ತಿರವಿರುವ ವಾರಗಳಲ್ಲಿ ಯಾರನ್ನೂ ಕರೆದೊಯ್ಯುವುದಿಲ್ಲ.

ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿಕೊಡಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು