ಇಬ್ಬನಿ ಆರುವ ಮುಂಚೆ

ತಮ್ಮಾ,

ನೀನು ಕಳಿಸಿದ ಚಳಿಗಾಲದ ಪ್ರಬಂಧ ತಲುಪಿ ಹತ್ತು ದಿನವಾಯಿತು. ಎರಡು ಸಲ ಓದಿದೆ. ಮೊದಲ ಸಲ ಚೆನ್ನಾಗಿದೆ ಅನ್ನಿಸಿತು. ಎರಡನೇ ಸಲ, ಇದು ಇಷ್ಟು ಸಲೀಸಾಗಿ ಯಾಕೆ ಚೆನ್ನಾಗಿದೆ ಅನ್ನಿಸಿತು ಅಂತ ಅನುಮಾನ ಬಂತು. ಅದಕ್ಕೇ ಉತ್ತರ ತಡವಾಯಿತು. ಬೇಜಾರು ಮಾಡ್ಕೋಬೇಡ.

ಮೊದಲು ಚಿಕ್ಕ ಜಗಳ ಮುಗಿಸಿಬಿಡೋಣ. ಮೂರನೇ ಪ್ಯಾರಾದಲ್ಲಿ ‘ಹೆಪ್ಪುಗಟ್ಟಿದ ಕೆರೆ’ ಅಂತ ಬರೆದಿದ್ದೀಯ. ಯಾವ ಕೆರೆಯಪ್ಪಾ ಅದು? ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ. ಅದೂ 1884ರ ಜನವರಿ 13ರಂದು. ನಮ್ಮ ಮಾಗಡಿ ಸೀಮೆ ಅದಕ್ಕಿಂತ ಒಂದಿಷ್ಟು ತಣ್ಣಗಿದ್ದೀತು, ಅಷ್ಟೇ. ಕೆರೆ ಗಡ್ಡೆ ಕಟ್ಟುವ ಚಳಿ ನಮ್ಮದಲ್ಲ. ಆ ಕೆರೆ ನಿನ್ನ ಊರಿನದಲ್ಲ, ಯಾವುದೋ ಅನುವಾದದಲ್ಲಿ ಓದಿದ್ದು. ತಪ್ಪು ಪೂರ್ತಿ ನಿನ್ನದೂ ಅಲ್ಲ ಬಿಡು. ನಾವು ಬೆಳಗ್ಗೆ ಕವಿಯುವುದಕ್ಕೂ ಮಂಜು ಅಂತೀವಿ, ಹಿಮಾಲಯದಲ್ಲಿ ಬೀಳುವುದಕ್ಕೂ ಮಂಜು ಅಂತೀವಿ. ಪದ ಒಂದೇ ಆದ್ದರಿಂದ ಅಲ್ಲಿಯದು ಇಲ್ಲಿಗೆ ಸುಮ್ನೆ ನುಸುಳಿಬಿಡುತ್ತದೆ.

ನಮ್ಮ ಚಳಿ ಚಿಕ್ಕದು. ಬೆಳಗಿನ ಜಾವ ನಾಲ್ಕರಿಂದ ಎಂಟರವರೆಗೆ ಅದರ ರಾಜ್ಯಭಾರ. ಹತ್ತಕ್ಕೆ ಸ್ವೆಟರ್ ಬಿಚ್ಚಬೇಕು, ಹನ್ನೊಂದಕ್ಕೆ ಕತ್ತಿನ ಹಿಂದೆ ಬಿಸಿಲು ಚುರುಕ್ ಅನ್ನುತ್ತದೆ. ಆಮೇಲೆ ಸಂಜೆ ಮತ್ತೆ ಹಿತ್ತಲ ಕಡೆಯಿಂದ ಮೆಲ್ಲಗೆ ಒಳಗೆ ಬರುತ್ತದೆ. ಇದನ್ನು ನೀನು ಬರೆದೇ ಇಲ್ಲ. ನಿನ್ನ ಪ್ರಬಂಧದಲ್ಲಿ ಬೆಳಗಿನಿಂದ ರಾತ್ರಿವರೆಗೂ ಒಂದೇ ಚಳಿ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತಿತ್ತು, ನೆನಪಿದೆಯಾ? ಸ್ಕೂಲಿಗೆ ಹೊರಡುವ ಹೊತ್ತಾದರೂ ಇಳಿಯುತ್ತಿರಲಿಲ್ಲ. ಬಾಟಲಿಯನ್ನು ಹೊಸಿಲಾಚೆ ಬಿಸಿಲಿಗೆ ಇಟ್ಟು ಕಾಯಬೇಕು. ನಮ್ಮ ಮನೆಗಳಲ್ಲಿ ಥರ್ಮಾಮೀಟರ್ ಅಂದರೆ ಅದೇ. ‘ಕೊರೆಯುವ ಚಳಿ’ ಅಂತ ನಾಲ್ಕು ಸಲ ಬರೆಯುವ ಬದಲು ಆ ಬಾಟಲಿಯನ್ನು ಒಂದು ಸಲ ಬರೆದಿದ್ದರೆ ಸಾಕಿತ್ತು.

‘ಮೌನ’ ಅನ್ನುವ ಪದ ಏಳು ಸಲ ಬಂದಿದೆ. ಪೆನ್ಸಿಲ್ಲಿನಲ್ಲಿ ಎಣಿಸಿದೆ. ಹಳ್ಳಿಯ ಚಳಿಗಾಲದ ಬೆಳಗು ಮೌನವಾಗಿರುತ್ತದೆ ಅಂತ ನಾನೂ ತುಂಬ ವರ್ಷ ನಂಬಿದ್ದೆ. ಕಿವಿಗೊಟ್ಟು ಕೇಳಿದರೆ ತದ್ವಿರುದ್ಧ. ವರ್ಷದ ಬೇರೆ ದಿನಗಳಲ್ಲಿ ಕೇಳದ ಸದ್ದು ಆಗ ಕೇಳುತ್ತದೆ. ಎರಡು ಮೈಲಿ ದೂರದ ಏರಿನಲ್ಲಿ ಮೊದಲ ಬಸ್ಸು ಗೇರು ಬದಲಾಯಿಸುವುದು, ಪಕ್ಕದೂರಿನ ದೇವಸ್ಥಾನದಲ್ಲಿ ಧನುರ್ಮಾಸದ ಪೂಜೆಯ ಮೈಕು, ಯಾರದೋ ಬಾವಿಯ ರಾಟೆ. ಇದಕ್ಕೆ ಕಾರಣ ಇದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ಅಂಟಿದ ಗಾಳಿಯೂ ತಣ್ಣಗಾಗುತ್ತದೆ. ಮೇಲಿನ ಗಾಳಿ ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಮೇಲಕ್ಕೆ ಹೋಗಬೇಕಾದ ಸದ್ದು ಅಲ್ಲಿಂದ ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ಒಲೆ ಹೊಗೆಯೂ ಅಷ್ಟೇ. ಬೇಸಿಗೆಯಲ್ಲಿ ನೆಟ್ಟಗೆ ಏರುವ ಹೊಗೆ ಮಾಗಿಯಲ್ಲಿ ಹೆಂಚಿನ ಮೇಲೆ ಸ್ವಲ್ಪ ಎತ್ತರಕ್ಕೆ ಹೋಗಿ, ಮುಚ್ಚಳಕ್ಕೆ ತಾಗಿದ ಹಾಗೆ ನಿಂತು, ಅಡ್ಡಡ್ಡ ಹರಡುತ್ತದೆ. ನೀನು ಆ ಹೊಗೆಯನ್ನು ಕಂಡಿದ್ದೀಯ, ಬರೆದೂ ಇದ್ದೀಯ. ‘ಕನಸಿನಂತೆ ತೇಲುವ ಹೊಗೆ’ ಅಂತ. ಕನಸನ್ನು ತೆಗೆದು ಮುಚ್ಚಳ ಇಟ್ಟು ನೋಡು.

ಇನ್ನು ದೊಡ್ಡ ಜಗಳ.

ನೀನು ಇಬ್ಬನಿಯನ್ನು ಮುತ್ತಿಗೆ ಹೋಲಿಸಿದ್ದೀಯ. ಎಲ್ಲರೂ ಹೋಲಿಸುತ್ತಾರೆ. ನಾನೂ ಹೋಲಿಸಿದ್ದೆ, ಇಪ್ಪತ್ತಾರನೇ ವಯಸ್ಸಿನಲ್ಲಿ. ಒಂದು ವಾರಪತ್ರಿಕೆಯಲ್ಲಿ ನಮ್ಮೂರ ಚಳಿಗಾಲದ ಮೇಲೆ ಎರಡು ಪುಟ ಬರೆದೆ. ಬಚ್ಚಲ ಒಲೆ, ತಾಮ್ರದ ಹಂಡೆ, ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಕಾಯಿಸುವ ಹುಡುಗ, ಹೆಗಲ ಮೇಲೆ ಅಜ್ಜಿಯ ಕರಿ ಕಂಬಳಿ, ಹೊರಗೆ ಬೇಲಿಯ ಮೇಲೆ ಮುತ್ತು. ಬಹಳ ಜನ ಮೆಚ್ಚಿದರು. ಪತ್ರಿಕೆ ತೆಗೆದುಕೊಂಡು ಊರಿಗೆ ಹೋದೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ತಂಗಿ ಓದಿ ಹೇಳಿದಳು. ಅವ್ವ ಅವರೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿದಳು. ಆಮೇಲೆ, “ಹಂಗಿತ್ತಾ? ನಂಗೊತ್ತೇ ಇರ್ಲಿಲ್ವಲ್ಲ” ಅಂದಳು.

ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವಳು ಮನೆಯಲ್ಲೇ ಇರುತ್ತಿರಲಿಲ್ಲ. ಹುರುಳಿ ಕೀಳುವ ದಿನಗಳಲ್ಲಿ ನಾಲ್ಕೂವರೆಗೆಲ್ಲ ಹೊಲದಲ್ಲಿರುತ್ತಿದ್ದಳು. ಒಣಗಿದ ಹುರುಳಿಯನ್ನು ಬಿಸಿಲು ಬಂದ ಮೇಲೆ ಮುಟ್ಟುವ ಹಾಗಿಲ್ಲ, ಕಾಯಿ ಸಿಡಿದು ಕಾಳೆಲ್ಲ ನೆಲದ ಪಾಲಾಗುತ್ತದೆ. ಇಬ್ಬನಿಗೆ ನೆನೆದು ಕಾಯಿ ಮೆತ್ತಗಿರುವಾಗಲೇ ಗಿಡವನ್ನು ಬೇರುಸಮೇತ ಕಿತ್ತು ಗುಡ್ಡೆ ಹಾಕಬೇಕು. ಇಬ್ಬನಿ ಆರಿತೋ, ಆವತ್ತಿನ ಕೆಲಸ ಮುಗಿಯಿತು. ಸೀರೆ ಮೊಣಕಾಲುವರೆಗೆ ಒದ್ದೆ. ಬೆರಳಿನ ಸಂದುಗಳಲ್ಲಿ ಸೀಳು. ಎಂಟಕ್ಕೆ ಬಂದು ಬಚ್ಚಲ ಒಲೆ ಮುಂದೆ ಕೂರುವ ಹೊತ್ತಿಗೆ ನಾನು ಸ್ನಾನ ಮುಗಿಸಿ ಅದರ ಬಿಸಿನೀರು ಖಾಲಿ ಮಾಡಿರುತ್ತಿದ್ದೆ. ನಾನು ಮುತ್ತು ಅಂತ ಬರೆದದ್ದು ಅವಳ ಗಡಿಯಾರ.

ಅದಾದ ಮೇಲೆ ನಾನು ನೆನಪಿನ ಬರಹವನ್ನೇ ಬಿಟ್ಟೆ ಅಂದುಕೊಳ್ಳಬೇಡ. ಯಾಕಂದರೆ ಅವ್ವ ಇನ್ನೊಂದು ಮಾತು ಹೇಳಿದಳು. ತಂಗಿ ಪತ್ರಿಕೆ ಮಡಿಸುವಾಗ, “ಆ ಬಚ್ಚಲೊಲೆದು ಇನ್ನೊಂದ್ಸಲ ಓದು” ಅಂದಳು. ತಂಗಿ ಓದಿದಳು. ಅವ್ವ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದು ಕೇಳಿದಳು. ಆಗ ನನಗಾದದ್ದು ನಾಚಿಕೆಯೋ ಸಂತೋಷವೋ, ಈಗಲೂ ಬಿಡಿಸಿ ಹೇಳಲಾರೆ. ಆದ್ದರಿಂದ ನಿನ್ನ ಬೆಚ್ಚನೆಯ ಭಾಗಗಳನ್ನು ಹೊಡೆದುಹಾಕು ಅಂತ ನಾನು ಹೇಳುವುದಿಲ್ಲ. ಅವು ಇರಲಿ. ಆದರೆ ನಿನ್ನ ಅಮ್ಮನಿಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳು. ಚಳಿಗಾಲದಲ್ಲಿ ಬೆಳಗ್ಗೆ ಐದಕ್ಕೆ ನೀನು ಎಲ್ಲಿರ್ತಿದ್ದೆ ಅಂತ. ನಿನ್ನ ಪ್ರಬಂಧದಲ್ಲಿ ಅವರು ‘ಬಿಸಿ ಬಿಸಿ ಕಾಫಿ ತಂದುಕೊಟ್ಟರು’ ಅಂತ ಒಂದೇ ಸಾಲು. ಮನೆಯಲ್ಲಿ ಎರಡು ಸೀಮೆಹಸು ಇದ್ದವು ಅಂತ ಹಿಂದೊಮ್ಮೆ ನೀನೇ ಹೇಳಿದ್ದೆ. ಹಾಗಾದರೆ ಆ ಕಾಫಿಗೆ ಮುಂಚೆ ಕೊಟ್ಟಿಗೆ ಬಳಿಯುವುದಿತ್ತು, ಹಾಲು ಕರೆಯುವುದಿತ್ತು, ಡೇರಿಯಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವುದಿತ್ತು. ಅಲ್ವಾ?

ಕೊನೆಯ ಪ್ಯಾರಾದ ‘ಆ ದಿನಗಳು ಮತ್ತೆ ಬಾರವು’ ಓದಿ ನಕ್ಕುಬಿಟ್ಟೆ. ನಿನಗಿನ್ನೂ ಇಪ್ಪತ್ತನಾಲ್ಕು. ಯಾವ ದಿನಗಳೋ? ಹೋಗಲಿ, ಏನೋ ಕಳೆದಿದೆ ಅಂತ ನಿನಗೆ ಅನ್ನಿಸಿರುವುದು ಸುಳ್ಳಲ್ಲ. ಏನು ಕಳೆದಿದೆ ಅಂತ ಹುಡುಕುವ ಮುಂಚೆಯೇ ನಿಟ್ಟುಸಿರು ಬಿಟ್ಟಿದ್ದೀಯ, ಅಷ್ಟೇ.

ಅವರೆಕಾಯಿಯನ್ನೇ ತಗೋ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುನಡುವೆ ಬಿಡುವ ಸಾಲಿನಲ್ಲಿ, ಬಿತ್ತುವ ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಎಷ್ಟೇ ನೀರು ಗೊಬ್ಬರ ಕೊಟ್ಟರೂ ಬಳ್ಳಿ ಬೆಳೆಯುತ್ತದೆ, ಹೂ ಇಲ್ಲ. ರಾಗಿ ಕೊಯ್ದು ಹೊಲ ಬೋಳಾದ ಮೇಲೂ ಅದರ ಸಾಲು ಮಾತ್ರ ಹಸಿರಾಗಿ ನಿಂತು, ಮಂಜು ಕುಡಿದು, ಕಾಯಿ ಕಟ್ಟುತ್ತದೆ. ಕಿತ್ತರೆ ಬೆರಳಿಗೆಲ್ಲ ಎಣ್ಣೆ ಎಣ್ಣೆ ಸೊಗಡು. ಸೋಪು ಹಾಕಿ ತೊಳೆದರೂ ಹೋಗದು, ಹೋಗಲಿ ಅಂತ ಯಾರೂ ಬಯಸುವುದೂ ಇಲ್ಲ. ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳು ಬಂದವು. ಇವಕ್ಕೆ ಹಗಲಿನ ಲೆಕ್ಕ ಬೇಕಿಲ್ಲ, ಯಾವ ತಿಂಗಳು ಬಿತ್ತಿದರೂ ಕಾಯಿ ಬಿಡುತ್ತವೆ. ರೈತನಿಗೆ ಒಳ್ಳೆಯದೇ ಆಯಿತು. ನನ್ನ ತಂಗಿಯ ಮಗನೇ ಮೇ ತಿಂಗಳಲ್ಲಿ ಮಾರಿ ಜಾಸ್ತಿ ದುಡ್ಡು ನೋಡಿದ್ದಾನೆ. ಆದರೆ ಮೇ ತಿಂಗಳಲ್ಲಿ ಹಿತಕಿದ ಬೇಳೆ ಸಾರು ಉಂಡವನಿಗೆ ಡಿಸೆಂಬರ್‌ನಲ್ಲಿ ಆ ವಾಸನೆ ಬಂದರೆ ಹಿಂದಿನ ಹಾಗೆ ಮಾಗಿ ಬಂತು ಅನ್ನಿಸುತ್ತದಾ? ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ. ನೀನು ಬರೆಯಬೇಕಾದ್ದು ಇಂಥ ಕಡೆ ಇದೆ ಅಂತ ಮಾತ್ರ ಅನ್ನಿಸುತ್ತದೆ.

ಒಕ್ಕಣೆ ಕಣದ ವಿಷಯವೂ ಹಾಗೇ. ಬಗ್ಗಡ ಸಾರಿಸಿದ ಕಣ, ರೋಣಗಲ್ಲು, ಮೇಟಿ ಎಲ್ಲ ಬರೆದಿದ್ದೀಯ. ನೀನು ಕಂಡದ್ದಾ, ತಾತ ಹೇಳಿದ್ದಾ? ತಾತ ಹೇಳಿದ್ದಾದರೆ ತಾತ ಹೇಳಿದ ಅಂತಲೇ ಬರೆ, ಅದರಲ್ಲೇನೂ ಕಡಿಮೆಯಿಲ್ಲ. ನೀನು ಕಂಡಿರುವ ಕಣ ಟಾರು ರಸ್ತೆ. ಹುರುಳಿಯನ್ನು ರಸ್ತೆಗೆ ಹರಡಿ, ಬಸ್ಸು ಲಾರಿ ಹಾಯಲಿ ಅಂತ ಬದಿಯಲ್ಲಿ ಟವೆಲ್ ಸುತ್ತಿಕೊಂಡು ಕೂತವರು, ಜಾರಿ ಬಿದ್ದ ಬೈಕಿನವನ ಬೈಗುಳ, ಸಂಜೆ ಗುಡಿಸುವಾಗ ಕಾಳಿನ ಜೊತೆ ಬರುವ ಜಲ್ಲಿ. ಅದು ಚೆಂದ ಅಲ್ಲ ಅಂತ ಬಿಟ್ಟೆಯಾ? ನಿನ್ನ ಚಳಿಗಾಲ ಅದೇ ಕಣೋ.

ಸರಿ, ಬೈದದ್ದು ಸಾಕು. ಜನವರಿ ಮೂರನೇ ವಾರ ರಜೆ ಹಾಕಿ ಬಾ. ಹಗಲು ಅತಿ ಚಿಕ್ಕದಾಗುವುದು ಡಿಸೆಂಬರ್ 21–22ಕ್ಕೆ ನಿಜ, ಆದರೆ ನಮ್ಮ ಕಡೆ ಸೂರ್ಯ ಎಲ್ಲಕ್ಕಿಂತ ತಡವಾಗಿ ಹುಟ್ಟುವುದು ಆ ವಾರದ ಆಸುಪಾಸಿನಲ್ಲಿ. ಆರೂ ಮುಕ್ಕಾಲು ಆಗುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ, ಅಷ್ಟರೊಳಗೆ ಬಾ. ಪಕ್ಕದ ಹೊಲದಲ್ಲಿ ಈ ವರ್ಷ ಹುರುಳಿ ತಡವಾಗಿ ಬಿತ್ತಿದ್ದಾರೆ, ಇನ್ನೂ ಕಿತ್ತಿಲ್ಲ. ಆ ಅಕ್ಕ ನಾಲ್ಕೂವರೆಗೇ ಬರುತ್ತಾರೆ. ನೀನು ನೋಡುತ್ತಾ ನಿಂತರೆ ಸುಮ್ಮನಿರುವುದಿಲ್ಲ, ಒಂದು ಸಾಲು ಹಿಡಿ ಅನ್ನುತ್ತಾರೆ. ಹಿಡಿ.

ಪ್ರಬಂಧವನ್ನು ಆಮೇಲೆ ತಿದ್ದೋಣ, ಅವಸರವಿಲ್ಲ. ಬರುವಾಗ ಸ್ವೆಟರ್ ಮರೆಯಬೇಡ. ಅಜ್ಜಿಯ ಕಂಬಳಿ ಪೆಟ್ಟಿಗೆಯಲ್ಲಿ ಇನ್ನೂ ಇದೆ. ಆದರೆ ಹುಣಸೆ ಬೀಜದ ಗಂಜಿ ಕುಡಿಸಿದ ಕಂಬಳಿ, ಹಲಗೆ ಇದ್ದ ಹಾಗಿದೆ, ಮೈಯೆಲ್ಲ ಚುಚ್ಚುತ್ತೆ. ನಾನು ಬರೆಯುವಾಗ ಅದನ್ನೂ ಬಿಟ್ಟಿದ್ದೆ.

ಇಂತಿ,
ನಿನ್ನ ಅಣ್ಣ