ಕೌದಿಗೆ ಬರುವ ಸೀರೆ, ಬಾರದ ಸೀರೆ

ಧಾರವಾಡ, ಪಕ್ಷಮಾಸ

ಪ್ರಿಯ ಗೆಳೆಯ,

ನಿನ್ನ ತಂಗಿ ಹುಬ್ಬಳ್ಳಿಯಿಂದ ಕಳಿಸಿಕೊಟ್ಟ ಟ್ರಂಕು ಕಳೆದ ವಾರ ಮನೆ ಸೇರಿದೆ. ನಿಮ್ಮ ಅವ್ವನ ಸೀರೆಗಳನ್ನೆಲ್ಲ ಕೂಡಿಸಿ ಹೊದೆಯಲು ಒಂದು ಕೌದಿ ಹೊಲಿದುಕೊಡಬೇಕೆಂದೂ, ಅದರ ಜೊತೆಗೆ ಮೊಮ್ಮಗನಿಗೊಂದು ಸ್ವೆಟರು ಹೆಣೆದು, ಎರಡನ್ನೂ ದೀಪಾವಳಿ ಮುಗಿಸಿ ಅಮೆರಿಕಕ್ಕೆ, ನೀನಿರುವ ಮ್ಯಾಡಿಸನ್ನಿಗೆ ಹೊರಡುವ ನಿನ್ನ ಸೋದರಳಿಯನ ಕೈಯಲ್ಲಿ ಕಳಿಸಬೇಕೆಂದೂ ನೀನು ಬರೆದಿದ್ದೆ. ಹೊಲಿದುಕೊಡುತ್ತೇನೆ, ಆದರೆ ಎಲ್ಲ ಸೀರೆಗಳನ್ನೂ ಕೂಡಿಸಿ ಅಲ್ಲ. ಕಳಿಸುತ್ತೇನೆ, ಆದರೆ ಎರಡನ್ನೂ ಒಟ್ಟಿಗೆ ಅಲ್ಲ. ಕಾರಣಗಳನ್ನು ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ‘ಆಯ್ತು ಬಿಡೋ’ ಎನ್ನುವವನು, ಆದ್ದರಿಂದ ಕೂತು ಬರೆಯುತ್ತಿದ್ದೇನೆ.

ಟ್ರಂಕು ಬಂದ ಹೊತ್ತು ಮಾತ್ರ ಸರಿಯಾಗಿತ್ತು. ಉತ್ತರೆ ಮಳೆ ಹೋಗಿ ಹಸ್ತ ಹುಟ್ಟಿದೆ. ಮುಂಜಾನೆ ಚೊಕ್ಕ ಬಿಸಿಲು, ಮಧ್ಯಾಹ್ನ ಮೋಡ, ಸಂಜೆಗೊಮ್ಮೆ ಸುರಿದು ಹೋಗುವ ಮಳೆ. ನವರಾತ್ರಿಯ ಘಟ್ಟ ಹಾಕುವ ಮುಂಚೆ ಮನೆಯ ಹಾಸಿಗೆ ಹೊದಿಕೆಗಳೆಲ್ಲ ಒಗೆದು ಮುಗಿಯಬೇಕೆಂಬ ಕಟ್ಟಳೆ ನಮ್ಮ ಓಣಿಯಲ್ಲಿ ಇನ್ನೂ ಉಳಿದಿರುವುದರಿಂದ ಈಗ ಯಾವ ಕಂಪೌಂಡು ಗೋಡೆ ನೋಡಿದರೂ ಒಂದೊಂದು ಕೌದಿ ಮಲಗಿರುತ್ತದೆ. ವರ್ಷವಿಡೀ ಮಂಚದ ಕೆಳಗಿದ್ದ ಕೌದಿಯ ನಿಜವಾದ ಸ್ಥಿತಿ ತಿಳಿಯುವುದು ಹೀಗೆ ನೀರಿನಿಂದೆದ್ದು ಬಿಸಿಲಿಗೆ ಬಿದ್ದಾಗಲೇ: ಎಲ್ಲಿ ಮೇಲಿನ ಪದರು ಸವೆದಿದೆ, ಎಲ್ಲಿ ದಾರ ಹರಿದು ಒಳಗಿನ ಬಟ್ಟೆ ಮುದ್ದೆಗಟ್ಟಿದೆ, ಯಾವ ಮೂಲೆಗೆ ತೇಪೆ ಬೇಕು ಎಂಬುದೆಲ್ಲ ಒಂದು ನೋಟಕ್ಕೆ ಕಾಣುತ್ತದೆ. ನಮ್ಮ ಮನೆಯ ಕೌದಿಗಳ ದುರಸ್ತಿಯನ್ನು ನಾನು ಈ ದಿನಗಳಿಗೆಂದೇ ಇಟ್ಟುಕೊಂಡಿರುತ್ತೇನೆ. ಪಕ್ಷಮಾಸದಲ್ಲಿ ಹೊಸ ಕೆಲಸ ಹಿಡಿಯಬಾರದೆಂದು ನೆರೆಮನೆಯ ಅಜ್ಜಿ ಎಚ್ಚರಿಸಿದರು. ಹಳೆಯ ಬಟ್ಟೆ ವಿಂಗಡಿಸುವುದು ಹೊಸ ಕೆಲಸ ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ ನಕ್ಕು, ತಮ್ಮ ಒಂದು ಕೌದಿಯನ್ನೂ ತಂದಿಟ್ಟು ಹೋದರು.

ಇನ್ನು ನಿಮ್ಮ ಅವ್ವನ ಟ್ರಂಕಿನ ಮಾತು. ಒಂದೊಂದೇ ಸೀರೆಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಉಟ್ಟ ಸೀರೆ ಎಲ್ಲ ಕಡೆಯೂ ಒಂದೇ ಸಮ ಸವೆಯುವುದಿಲ್ಲ. ಕೂತಾಗ ಅಡಿಗೆ ಬರುವ ಜಾಗ ಮತ್ತು ಹಿಮ್ಮಡಿ ತಾಗುವ ಅಂಚು ಮೊದಲು ತೆಳುವಾಗುತ್ತವೆ, ಒಳಗೆ ಸಿಕ್ಕಿಸಿದ ನೆರಿಗೆಯ ಭಾಗ ಮೂವತ್ತು ವರ್ಷದ ನಂತರವೂ ಗಟ್ಟಿಯಾಗಿರುತ್ತದೆ. ಎರಡು ಹೆಬ್ಬೆರಳುಗಳ ನಡುವೆ ಬಟ್ಟೆಯನ್ನು ಹಿಡಿದು ಮೆಲ್ಲಗೆ ಜಗ್ಗಿದರೆ ಸಾಕು, ಎಳೆ ಸೋತಿದ್ದರೆ ಸಣ್ಣಗೆ ಚರ್ ಎನ್ನುತ್ತದೆ. ಹಾಗೆ ನೋಡಿದಾಗ ಕೌದಿಗೆ ಯೋಗ್ಯವಾಗಿ ಕಂಡವು ಎರಡೇ: ಅವ್ವ ದಿನಾ ಉಡುತ್ತಿದ್ದ ನೀಲಿ ಚೌಕಡಿಯ ಇಳಕಲ್ ಸೀರೆ ಮತ್ತು ದಾಳಿಂಬೆ ಬಣ್ಣದ ಇನ್ನೊಂದು ಇಳಕಲ್. ಎರಡರದ್ದೂ ಒಡಲು ಅಪ್ಪಟ ಹತ್ತಿ, ನೂರಾರು ಸಲ ಒಗೆದು ಮೆತ್ತಗಾಗಿದ್ದು, ಸೂಜಿಗೆ ಬೆಣ್ಣೆಯಂತೆ ದಾರಿ ಬಿಡುವಂಥದ್ದು.

ಜರಿಯ ರೇಷ್ಮೆ ಸೀರೆಯನ್ನು ನಾನು ಮುಟ್ಟುವುದಿಲ್ಲ. ಜರಿ ಮೈಗೆ ಚುಚ್ಚುತ್ತದೆ, ಹೊಲಿಗೆಯ ದಾರವನ್ನೂ ಕೊಯ್ಯುತ್ತದೆ. ಅದು ಸಾಲದೆಂಬಂತೆ ಆ ರೇಷ್ಮೆ ಮಡಿಕೆಗಳ ಗುಂಟ ಆಗಲೇ ಬಿಡಲು ಹತ್ತಿದೆ. ನೈಲಾನ್ ಸೀರೆಗಳೂ ಬೇಡ. ಅವು ಪದರುಗಳ ನಡುವೆ ಜಾರುತ್ತವೆ, ಬೆವರು ಹೀರುವುದಿಲ್ಲ. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬಂದರೆ ಒಂದು ಡಬರಿಯಾದರೂ ಸಿಕ್ಕೀತು.

ಉಳಿದದ್ದು ಚಂದ್ರಕಾಳಿ. ನಿನ್ನ ಪತ್ರದಲ್ಲಿ ‘ಆ ಕಪ್ಪು ಸೀರೆ ನಡುವೆ ಬರಲಿ’ ಎಂದು ವಿಶೇಷವಾಗಿ ಬರೆದಿದ್ದೀ. ಅದನ್ನು ನಾನು ಕತ್ತರಿಸಲಾರೆ. ಸೆರಗಿನ ತುಂಬ ಅವ್ವ ತಾನೇ ಹಾಕಿದ ಕಸೂತಿ ಇದೆ, ಗೋಪುರ, ತೇರು, ತುಳಸಿಕಟ್ಟೆ, ಅಂಚಿಗೊಂದು ಆನೆಯ ಸಾಲು. ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಹಾಕುತ್ತಾರೆ, ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿಯ ಹೊಲಿಗೆ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗಗಳನ್ನು ತುಂಬುವುದರಿಂದ ಸೆರಗಿನ ಹಿಂದು ಮುಂದು ಒಂದೇ ತೆರನಾಗಿ ಕಾಣುತ್ತದೆ. ಗಂಟಿಲ್ಲದ ಆ ಕೆಲಸದ ನಡುವೆ ಕತ್ತರಿ ಹಾಯಿಸಿದರೆ ಕತ್ತರಿಸಿದ ಗೆರೆಯಿಂದ ದಾರ ಬಿಚ್ಚಿಕೊಳ್ಳುತ್ತ ಹೋಗುತ್ತದೆ, ಮೊದಲೆರಡು ಒಗೆತದಲ್ಲೇ ಆನೆಗೆ ಕಾಲಿರುವುದಿಲ್ಲ. ಅದನ್ನು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ನಿನ್ನ ತಂಗಿಗೆ ಹಿಂದಿರುಗಿಸುತ್ತೇನೆ. ವರ್ಷಕ್ಕೊಮ್ಮೆಯಾದರೂ ಮಡಿಕೆ ಬದಲಿಸಿ ಇಡುವಂತೆ ಹೇಳು. ನೆನಪು ಯಾವ ಸೀರೆಯಲ್ಲಿ ಹೆಚ್ಚು ಎಂದು ನೀನು ಲೆಕ್ಕ ಹಾಕಿದ್ದೀ, ನಾನು ಯಾವ ಬಟ್ಟೆ ಇನ್ನು ಇಪ್ಪತ್ತು ವರ್ಷ ಒಗೆತ ತಡೆದೀತು ಎಂದು ನೋಡುತ್ತೇನೆ. ಉಟ್ಟು ಸವೆದದ್ದಕ್ಕೇ ಕೌದಿ. ಈಚೆಗೆ ಹೊಸ ಥಾನು ತಂದು, ಚೂರು ಮಾಡಿ, ಮಷೀನಿನಲ್ಲಿ ಹೊಲಿದು ‘ಪಾರಂಪರಿಕ ಕೌದಿ’ ಎಂದು ಮಾರುತ್ತಾರೆ. ನೋಡಲು ಚೆಂದ, ಆದರೆ ಹೊದ್ದುಕೊಂಡರೆ ರಟ್ಟು ಹೊದ್ದ ಹಾಗಿರುತ್ತದೆ.

ಎರಡು ಸೀರೆ ಸಾಕಾಗುತ್ತದೆಯೇ ಎಂದು ಕೇಳುತ್ತೀ. ಅವ್ವನವು ಹದಿನೆಂಟು ಮೊಳದ ಸೀರೆಗಳು, ಅಂದರೆ 27 ಅಡಿ ಉದ್ದ, ಅಗಲ ಹೆಚ್ಚೂಕಡಿಮೆ 4 ಅಡಿ. 5 ಅಡಿಗೆ 7 ಅಡಿಯ ಕೌದಿಯಾದರೆ ಲೆಕ್ಕದಲ್ಲಿ ಒಂದು ಸೀರೆಗೆ ಮೂರು ಪದರು ಬರಬೇಕು, ಸವೆದದ್ದನ್ನು ತೆಗೆದರೆ ಎರಡು. ಎರಡು ಸೀರೆಗೆ ನಾಲ್ಕು ಪದರಾಯಿತು, ಅಡಿಗೆ ಟ್ರಂಕಿನ ತಳದಲ್ಲಿದ್ದ ನಿಮ್ಮ ಅಪ್ಪನ ಧೋತರವನ್ನು ಅಸ್ತರವಾಗಿ ಕೊಟ್ಟರೆ ಐದು. ಅದಕ್ಕಿಂತ ಹೆಚ್ಚು ಪದರು ಹಾಕಿದರೆ ಸೂಜಿ ಏರುವುದಿಲ್ಲ, ಹೆಬ್ಬೆರಳು ಬಾತುಕೊಳ್ಳುತ್ತದೆ. ನಿಮ್ಮಲ್ಲಿಯ ಕ್ವಿಲ್ಟಿಗೆ ಮೇಲೊಂದು, ಕೆಳಗೊಂದು ಬಟ್ಟೆ, ನಡುವೆ ಹತ್ತಿಯ ಹಾಳೆ ಇರುತ್ತದೆ. ಕೌದಿಗೆ ಹತ್ತಿ ತುಂಬುವ ಪದ್ಧತಿಯಿಲ್ಲ, ಹಳೆ ಬಟ್ಟೆಯೇ ಅದರ ಹೊಟ್ಟೆ. ಸೆರಗನ್ನು ಒಡಲಿನಿಂದ ಬಿಡಿಸಿ ಮೇಲ್ಪದರಿನ ನಡುವೆ ಕೂಡಿಸಬೇಕೆಂದಿದ್ದೇನೆ. ಇಳಕಲ್ಲಿನಲ್ಲಿ ಸೆರಗಿನ ಎಳೆಗಳನ್ನೂ ಒಡಲಿನ ಎಳೆಗಳನ್ನೂ ಕೊಂಡಿ ಹಾಕಿ ಸೇರಿಸಿರುವುದರಿಂದ ಎಲ್ಲಿ ಕತ್ತರಿಸಬೇಕೆಂಬುದನ್ನು ಆ ಗೆರೆಯೇ ತೋರಿಸುತ್ತದೆ.

ದಾಳಿಂಬೆ ಬಣ್ಣದ್ದರ ಮೇಲೆ ಮಾತ್ರ ನನಗೆ ಇನ್ನೂ ನಂಬಿಕೆ ಬಂದಿಲ್ಲ. ಬೇರೆಯಾಗಿ ನೆನೆಹಾಕಿ, ಒದ್ದೆಯಿದ್ದಾಗಲೇ ಮೇಲೆ ಬಿಳಿ ಬಟ್ಟೆಯ ಚೂರನ್ನು ಒತ್ತಿ ನೋಡಿದೆ, ತೆಳ್ಳಗೆ ಗುಲಾಬಿ ಹತ್ತಿತು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬಣ್ಣದ ತೊಟ್ಟಿಯಲ್ಲಿ ಉಪ್ಪಿಗೆ ಕೆಲಸವಿದೆ, ಮನೆಯ ಬಕೆಟ್ಟಿನಲ್ಲಿ ಇಲ್ಲ. ನೀರು ತಿಳಿಯಾಗುವ ತನಕ ಒಗೆಯುವುದೊಂದೇ ಉಪಾಯ. ಮುಂಜಾನೆಯ ಬಿಸಿಲು ನಂಬುವಂತಿರುವ ಈ ದಿನಗಳಲ್ಲೇ ಅದನ್ನು ಮುಗಿಸಬೇಕು.

ಹೊಲಿಗೆಯ ವಿಷಯದಲ್ಲಿ ನಾನು ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ದಾರಿ ಹಿಡಿಯುತ್ತೇನೆ. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತು ಹೊಲಿಯುತ್ತ ನಡುವಿನ ಕಡೆಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಿಸಿದ ಬಟ್ಟೆಯ ದಪ್ಪ ತ್ರಿಕೋನಗಳನ್ನು ಕೂರಿಸುತ್ತಾರೆ. ಅದಕ್ಕೆ ಫುಲಾ ಎನ್ನುತ್ತಾರೆ, ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ನಿಮ್ಮೂರಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಬೆನ್ನು ಹತ್ತಿ ಇಲ್ಲಿಗೆ ಬಂದವರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಹುಟ್ಟಿದ್ದರಲ್ಲಿ ಅವರ ಪಾಲಿದೆ. ಹೀಗಾಗಿ ಮ್ಯಾಡಿಸನ್ನಿಗೆ ಹೋಗುವ ಮೊದಲ ಕೌದಿ ನಿನ್ನದೆಂದು ಬೀಗಬೇಡ. ಬಡವರ ಹೊದಿಕೆಗೆ ಗೋಡೆಯ ಮಾನ ಸಿಕ್ಕ ಇನ್ನೊಂದು ಕಥೆಯೂ ನಿಮ್ಮ ದೇಶದ್ದೇ: ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹೊಲದ ಕೆಲಸದ ಪ್ಯಾಂಟು, ಅಂಗಿಗಳಿಂದ ಹೊಲಿದ ಕ್ವಿಲ್ಟುಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿಗೆ ಬಂದವು, 2006ರಲ್ಲಿ ಅಂಚೆಚೀಟಿಗಳೂ ಆದವು. ಅಂಚೆ ಇಲಾಖೆಯಲ್ಲೇ ಕೂದಲು ಬೆಳ್ಳಗಾದ ನನಗೆ ಆ ಊರಿನ ಹೆಸರು ಗೊತ್ತಾದದ್ದು ಚೀಟಿಯಿಂದ.

ದೀಪಾವಳಿಗೆ ಯಾಕಾಗದು ಎಂಬುದಕ್ಕೆ ಸಾದಾ ಗಣಿತವಿದೆ. ಸಾಲಿಗೂ ಸಾಲಿಗೂ ಮುಕ್ಕಾಲು ಇಂಚು ಬಿಟ್ಟು ಹೊಲಿದರೂ 5 ಅಡಿ ಅಗಲಕ್ಕೆ 80 ಸಾಲು ಬೇಕು, ಒಂದೊಂದು ಸಾಲು 7 ಅಡಿ. ಒಟ್ಟು 560 ಅಡಿ ಹೊಲಿಗೆ, ಸುತ್ತು ಹೊಲಿದರೂ ಹೆಚ್ಚೂಕಡಿಮೆ ಅಷ್ಟೇ, ಅದೂ ಐದು ಪದರಿನ ಮೂಲಕ. ನನಗೆ ಸೂಜಿಯ ಕೆಲಸಕ್ಕೆ ಒದಗುವುದು ಮುಂಜಾನೆಯ ಬೆಳಕು ಮಾತ್ರ. ಚಹಾ ಕುಡಿದು ಪಡಸಾಲೆಯ ಮಂಚದ ಮೇಲೆ ಕೂತರೆ ಹನ್ನೊಂದರ ತನಕ ಕಣ್ಣು ಸಹಕರಿಸುತ್ತದೆ, ಆಮೇಲೆ ಬಿಳಿ ದಾರ ಬಿಳಿ ಬಟ್ಟೆಯಲ್ಲಿ ಕರಗಿಹೋಗುತ್ತದೆ. ನೆಲದ ಮೇಲೆ ಕೂತು ಹೊಲಿಯುವುದನ್ನು ಮಂಡಿಗಳು ನಿಲ್ಲಿಸಿ ಬಹಳ ಕಾಲವಾಯಿತು. ಪದರು ಹಾಸಿ, ಮೂಲೆಗಳಿಗೆ ಗುಂಡುಕಲ್ಲು ಇಟ್ಟು, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕುವ ದಿನವಷ್ಟೇ ನೆಲಕ್ಕಿಳಿಯುತ್ತೇನೆ. ಹಬ್ಬದ ಅಡುಗೆ, ಬಂದುಹೋಗುವವರು, ನೆರೆಮನೆಯ ಅಜ್ಜಿಯ ಕೌದಿ ಎಲ್ಲವನ್ನೂ ಸೇರಿಸಿ ನೋಡಿದರೆ ಎಳ್ಳಮವಾಸ್ಯೆಯ ಹೊತ್ತಿಗೆ ಮುಗಿದೀತು. ಅವಸರ ಮಾಡಿದರೆ ಹೊಲಿಗೆ ಉದ್ದವಾಗುತ್ತದೆ, ಉದ್ದ ಹೊಲಿಗೆಗೆ ಮಕ್ಕಳ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ.

ಸ್ವೆಟರಿನ ಮಾತು ಬೇರೆ, ಅದು ಸಂಜೆಯ ಕೆಲಸ. ಸೀದಾ ಸಾಲುಗಳನ್ನು ಕರೆಂಟು ಹೋದಾಗಲೂ ಬೆರಳುಗಳೇ ನಡೆಸಿಕೊಂಡು ಹೋಗುತ್ತವೆ. ನಿಮ್ಮ ಮನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಅವ್ವ ಕಲಿಸಿದ್ದು, ‘ಹುಡುಗ ಹೆಣಿಗೆ ಕಲಿತು ಏನು ಮಾಡುತ್ತಾನೆ’ ಎಂದು ನಿಮ್ಮ ಅಪ್ಪ ನಕ್ಕದ್ದೂ ನಿನಗೆ ನೆನಪಿರಬೇಕು. ಟ್ರಂಕಿನಲ್ಲಿ ಅವ್ವ ಹೆಣೆದ ನಿನ್ನ ಕಾಲೇಜು ದಿನಗಳ ಮರೂನ್ ಸ್ವೆಟರೂ ಸಿಕ್ಕಿತು. ಮೊಣಕೈಗಳನ್ನು ಹುಳ ತಿಂದಿದೆ, ಎದೆ ಬೆನ್ನು ಗಟ್ಟಿಯಾಗಿವೆ. ಉಣ್ಣೆಯೋ ಅಕ್ರಿಲಿಕ್ಕೋ ಎಂದು ತಿಳಿಯಲು ಒಂದು ತುಂಡು ನೂಲನ್ನು ದೀಪದ ಕುಡಿಗೆ ಹಿಡಿದೆ: ಕೂದಲು ಸುಟ್ಟ ವಾಸನೆ ಬಂತು, ಉಳಿದ ಕರಿ ಬೆರಳಲ್ಲಿ ಪುಡಿಯಾಯಿತು. ಅಕ್ರಿಲಿಕ್ಕಾಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು. ಅಪ್ಪಟ ಉಣ್ಣೆ. ಪಕ್ಕದ ಹೊಲಿಗೆಗಳನ್ನು ಬಿಡಿಸಿ, ಕೊನೆಗೆ ಮುಚ್ಚಿದ ಭುಜದ ಕಡೆಯಿಂದ ಎಳೆದರೆ ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತ ಬಂತು. ಬಿಚ್ಚಿದ ನೂಲು ಗುಂಗುರಾಗಿರುತ್ತದೆ, ಹಾಗೆಯೇ ಹೆಣೆದರೆ ಏರುಪೇರಾಗುತ್ತದೆ. ಅದಕ್ಕೆ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕೆಳಗೊಂದು ಸಣ್ಣ ತೂಕ ತೂಗುಬಿಟ್ಟು ಒಣಗಿಸಿದ್ದೇನೆ. ಗುಂಗುರು ಬಹುಪಾಲು ಹೋಗಿದೆ.

ಆದರೆ ಈ ಉಣ್ಣೆಯನ್ನು ಮೊಮ್ಮಗನ ಸ್ವೆಟರಿನಲ್ಲಿ ಬೆರೆಸುವುದಿಲ್ಲ. ನಿನ್ನ ಸೊಸೆ ಅದನ್ನು ಮಷೀನಿಗೆ ಹಾಕಿಯೇ ಹಾಕುತ್ತಾಳೆ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹಾಕಲೇಬೇಕು. ಬಿಸಿನೀರಿನ ಕುಲುಕಾಟಕ್ಕೆ ಹಳೆ ಉಣ್ಣೆ ಕುಗ್ಗಿ ಕಂಬಳಿಯಾಗುತ್ತದೆ, ಅಕ್ರಿಲಿಕ್ ಇದ್ದಲ್ಲೇ ಇರುತ್ತದೆ, ಎರಡರ ನಡುವೆ ಸ್ವೆಟರು ಸೊಟ್ಟಗಾಗುತ್ತದೆ. ಸ್ವೆಟರಿಗೆ ಲುಧಿಯಾನಾದ ಅಕ್ರಿಲಿಕ್ ನೂಲು, ಮರೂನ್ ಉಣ್ಣೆಯಿಂದ ಕಿವಿ ಮುಚ್ಚುವ ಟೋಪಿ. ಸ್ವೆಟರನ್ನು ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುತ್ತೇನೆ. ಹಾಗೆ ಮಾಡಿದರೆ ಹುಡುಗ ಬೆಳೆದಾಗ ತೋಳಿನ ತುದಿಯನ್ನೂ ಕೆಳ ಅಂಚನ್ನೂ ಬಿಚ್ಚಿ ಎರಡು ಇಂಚು ಸೇರಿಸಬಹುದು, ಅದಕ್ಕೆ ಅದೇ ನೂಲಿನ ಒಂದು ಉಂಡೆಯನ್ನು ಜೊತೆಗೇ ಕಳಿಸುತ್ತೇನೆ. 10ನೇ ನಂಬರಿನ ಕಡ್ಡಿಯಲ್ಲಿ ಈ ನೂಲಿಗೆ 10 ಸೆಂಟಿಮೀಟರಿಗೆ 28 ಕುಣಿಕೆ ಕೂಡುತ್ತವೆ. ನಾಲ್ಕು ವರ್ಷದ ಹುಡುಗನಿಗೆ ಸಡಿಲು ಸೇರಿಸಿ 26 ಇಂಚು ಸುತ್ತಳತೆ ಹಿಡಿದಿದ್ದೇನೆ. ಈ ವಯಸ್ಸಿನ ಮಕ್ಕಳ ತಲೆ ಮೈಯ ಅಳತೆಗೆ ಹೋಲಿಸಿದರೆ ದೊಡ್ಡದಿರುವುದರಿಂದ ಒಂದು ಭುಜಕ್ಕೆ ಗುಂಡಿ ಇಡುತ್ತೇನೆ, ಇಲ್ಲದಿದ್ದರೆ ತೊಡಿಸುವಾಗಲೆಲ್ಲ ಅಳು. ಇವೆರಡೂ ದೀಪಾವಳಿಗೆ ಖಂಡಿತ ಸಿದ್ಧವಾಗುತ್ತವೆ, ಸೋದರಳಿಯನ ಕೈಯಲ್ಲಿ ಬರುತ್ತವೆ. ಕೌದಿಗೆ ಬೇರೆ ಯಾರಾದರೂ ಹೊರಡುವವರನ್ನು ನೋಡು. ಅಂಚೆಯಲ್ಲಿ ಕಳಿಸುವುದಕ್ಕೂ ನನ್ನ ಅಡ್ಡಿಯಿಲ್ಲ, ಕಟ್ಟುವುದು ನನಗೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮೈನಸ್ 20 ಡಿಗ್ರಿಗೂ ಇಳಿಯುವ ನಿಮ್ಮೂರಿನ ಚಳಿಗೆ ಈ ಕೌದಿಯೊಂದೇ ಸಾಲದು. ರಗ್ಗಿನ ಕೆಳಗೆ, ಮೈಗೆ ತಾಗುವಂತೆ ಹೊದ್ದುಕೊ. ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸು, ಡ್ರೈಯರಿಗೆ ಹಾಕಬೇಡ.

ಈಗ ನಿನ್ನಿಂದ ಮೂರು ವಿಷಯ ಬೇಕು. ನಿನ್ನ ಮಂಚದ ಅಳತೆ, ಮೊಮ್ಮಗನ ಎದೆ ಮತ್ತು ತಲೆಯ ಸುತ್ತಳತೆ, ಆಮೇಲೆ ನಿಮ್ಮ ಅಪ್ಪನ ಧೋತರವನ್ನು ಕತ್ತರಿಸಲು ನಿನ್ನ ತಂಗಿಯ ಒಪ್ಪಿಗೆ. ಮೊದಲಿನೆರಡನ್ನು ಅಂದಾಜಿಗೆ ಹೇಳದೆ ಟೇಪು ಹಿಡಿದು ಅಳೆದು ಬರೆ. ಮೂರನೆಯದನ್ನು ನೀನೇ ಅವಳಿಗೆ ಫೋನು ಮಾಡಿ ಕೇಳು.

ನಿನ್ನ ಗೆಳೆಯ